ಹಳೇ ಜಿಪ್ಸಿಗೆ ಕಾರ್ಬೊರೇಟರ್ರೇ ಇರಲೋ, ಇಂಜೆಕ್ಷನ್ ಹಾಕಿಸೋದೋ?

ಕಾಫಿ ಕೊಯ್ಲು ಮುಗೀತು. ಮೆಣಸು ಒಣಗಿ ಚೀಲಕ್ಕೆ ಬಿತ್ತು. ಹೂಮಳೆಗೆ ಆಕಾಶ ನೋಡ್ತಾ ಕೂರೋ ಈ ದಿನಗಳಲ್ಲಿ ನಾನು ಸಾಮಾನ್ಯವಾಗಿ ಸುಣ್ಣ, ಮರಗಸಿ, ಬೋರರ್ ಅಂತ ಏನಾದ್ರೂ ಬರೀತೀನಿ. ಈ ಸಲ ಗಾಡಿ ಬಗ್ಗೆ. ಬೇಜಾರು ಮಾಡ್ಕೋಬೇಡಿ, ಓದಿ ನೋಡಿ. ನಮ್ಮ ಸುತ್ತಮುತ್ತ ಎಷ್ಟು ತೋಟದ ಶೆಡ್ಡಲ್ಲಿ ಹಳೇ ಜಿಪ್ಸಿ ನಿಂತಿದೆ ಅಂತ ನಿಮಗೇ ಗೊತ್ತು. ಕಳೆದ ಒಂದು ತಿಂಗಳಲ್ಲಿ ನಾಲ್ಕು ಜನ ಇದೇ ಪ್ರಶ್ನೆ ಕೇಳಿದ್ರು: ಕಾರ್ಬೊರೇಟರ್ ಗಾಡೀನ ಹಾಗೇ ಇಟ್ಕೊಳ್ಳೋದೋ, ಇಂಜೆಕ್ಷನ್ ಎಂಜಿನ್ ಕೂರಿಸೋದೋ, ಇಲ್ಲ ಮಾರಿಬಿಡೋದೋ?

ನಮ್ಮ ಮನೇಲೂ ಅದೇ ಪಂಚಾಯ್ತಿ. ನಮ್ಮದು 1997ರ ಮಾಡೆಲ್ ಜಿಪ್ಸಿ, 1.3 ಲೀಟರ್ ಎಂಜಿನ್, ಕಾರ್ಬೊರೇಟರ್. ಅಪ್ಪ ತಗೊಂಡಿದ್ದು. ಗೊಬ್ಬರ, ಆಳು, ಕಾಫಿ ಚೀಲ, ಹೆರಿಗೆಗೆ ಹೋಗೋ ಹೆಂಗಸರು, ಎಲ್ಲರನ್ನೂ ಹೊತ್ತಿದೆ. ಅಣ್ಣನ ಮಗ ಎರಡು ವರ್ಷದಿಂದ ಅದನ್ನ ಆಟೋಕ್ರಾಸ್‌ಗೆ ಒಯ್ತಿದ್ದಾನೆ. ಬತ್ತ ಕುಯ್ದ ಗದ್ದೇಲಿ ಟ್ರ್ಯಾಕ್ ಹಾಕಿ ಓಡಿಸೋದು ನಮ್ಮ ಕಡೆ ಹೊಸದೇನಲ್ಲ. ಈಗ ಅವನಿಗೆ ರ್ಯಾಲಿಗೆ ಇಳೀಬೇಕು ಅಂತ. "ಚಿಕ್ಕಪ್ಪ, ಕಾರ್ಬೊರೇಟರ್ ಕಿತ್ತು ಎಂಪಿಎಫ್‌ಐ ಎಂಜಿನ್ ಹಾಕ್ಸೋಣ" ಅಂತಾನೆ. ಅಣ್ಣ, "ಆ ದುಡ್ಡಲ್ಲಿ ಕೆರೆ ಪಂಪ್‌ಸೆಟ್ ಬದಲಾಯಿಸೋಣ, ಗಾಡಿ ಮಾರು" ಅಂತಾನೆ. ದುಡ್ಡು ಈ ವರ್ಷದ ಮೆಣಸಿಂದು, ಲೆಕ್ಕ ಇಡೋನು ನಾನು. ಹಾಗಾಗಿ ಇಬ್ಬರೂ ನನ್ನ ಕಡೆ ನೋಡ್ತಾ ಕೂತಿದ್ದಾರೆ.

ಅವರಿಬ್ಬರಿಗೆ ಹೇಳಬೇಕಾಗಿರೋದನ್ನ ನಿಮಗೂ ಹೇಳ್ತೀನಿ. ಎರಡರಲ್ಲಿ ಯಾವುದು ಮೇಲು ಅಂತ ಬೇರೆ ಕಡೆ ಬೇಕಾದಷ್ಟು ಜಗಳ ಆಗಿದೆ. ನಮಗೆ ಬೇಕಿರೋದು ನಮ್ಮ ಏರಿಳಿತ, ನಮ್ಮ ಚಳಿ, ನಮ್ಮ ತಿರುವು, ಈಗಿನ ಪೆಟ್ರೋಲ್, ಇಷ್ಟರಲ್ಲಿ ಯಾವುದು ನಡೆಯುತ್ತೆ ಅನ್ನೋದು.

ಮೊದಲು ಕೆಲಸ ಮಾಡೋ ರೀತಿ. ಡ್ರಿಪ್ ಹಾಕಿರೋರಿಗೆ ವೆಂಚುರಿ ಗೊತ್ತು. ಪೈಪಿನ ಸೊಂಟ ಒಂದು ಕಡೆ ಸಣ್ಣ ಆಗುತ್ತೆ, ಅಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಕಮ್ಮಿ ಆಗುತ್ತೆ, ಪಕ್ಕದ ಟ್ಯೂಬಿಂದ ಗೊಬ್ಬರದ ನೀರನ್ನ ತಾನೇ ಎಳ್ಕೊಳ್ಳುತ್ತೆ. ಕಾರ್ಬೊರೇಟರ್ ಅಂದ್ರೆ ಅದೇ. ನೀರಿನ ಬದಲು ಗಾಳಿ, ಗೊಬ್ಬರದ ಬದಲು ಪೆಟ್ರೋಲ್. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು, ಅದರಲ್ಲಿ ತೇಲೋ ಫ್ಲೋಟ್. ಮನೆ ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ಥರಾನೇ. ಬಟ್ಟಲಿಂದ ಗಾಳಿಯ ದಾರಿಗೆ ಹೋಗೋ ತೂತೇ ಜೆಟ್. ಅದರ ಅಳತೆ ಕಂಪನಿಯಲ್ಲೋ ಮೆಕ್ಯಾನಿಕ್ ಕೈಯಲ್ಲೋ ಒಂದು ಸಲ ನಿಗದಿ ಆಯ್ತು ಅಂದ್ರೆ ಆಯ್ತು.

ಇಂಜೆಕ್ಷನ್‌ನಲ್ಲಿ ಎಳೆಯೋದಿಲ್ಲ, ತಳ್ಳೋದು. ಟ್ಯಾಂಕ್ ಒಳಗಿನ ಪಂಪು ಸುಮಾರು 3 ಬಾರ್, ಅಂದ್ರೆ ನಮ್ಮ ಲೆಕ್ಕದಲ್ಲಿ 40 ಪಿಎಸ್‌ಐ ಮೇಲೆ, ಒತ್ತಡ ಕೊಡುತ್ತೆ. ಪ್ರತಿ ಸಿಲಿಂಡರ್ ಬಾಯಲ್ಲಿ ಒಂದೊಂದು ಇಂಜೆಕ್ಟರ್. ಎಷ್ಟು ಗಾಳಿ ಒಳಗೆ ಹೋಗ್ತಿದೆ, ಎಷ್ಟು ಬಿಸಿ, ಪೆಡಲ್ ಎಷ್ಟು ಒತ್ತಿದ್ದಾರೆ ಅಂತ ಸೆನ್ಸರ್‌ಗಳು ಹೇಳ್ತವೆ, ಇಸಿಯು ಅನ್ನೋ ಡಬ್ಬಿ ಲೆಕ್ಕ ಹಾಕಿ ಇಂಜೆಕ್ಟರ್ ತೆರೆಯುತ್ತೆ. 6,000 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿಗೆ ಸೆಕೆಂಡಿಗೆ 50 ಸಲ ಪೆಟ್ರೋಲ್ ಬೇಕು. ನಾಲ್ಕಕ್ಕೆ ಸೇರಿ 200 ಸಲ. ಅಷ್ಟೂ ಸಲ ಅಳತೆ ಮಾಡೇ ಕೊಡುತ್ತೆ.

ಅಳತೆ ಯಾಕೆ ಇಷ್ಟು ಮುಖ್ಯ ಅಂದ್ರೆ, 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಗ್ರಾಂ ಗಾಳಿ ಬೇಕು. ಪೂರ್ತಿ ಶಕ್ತಿ ಬೇಕು ಅಂದ್ರೆ ಸ್ವಲ್ಪ ಪೆಟ್ರೋಲ್ ಜಾಸ್ತಿ, ಸುಮಾರು 12.5ರಿಂದ 13ಕ್ಕೆ 1. ಪೆಟ್ರೋಲ್ ಇದಕ್ಕಿಂತ ತುಂಬಾ ಕಮ್ಮಿ ಆದ್ರೆ ಲೀನ್: ಎಂಜಿನ್ ಬಿಸಿ ಆಗುತ್ತೆ, ನಾಕಿಂಗ್ ಬರುತ್ತೆ, ಜೋರಾಗಿ ಓಡಿಸಿದ್ರೆ ಪಿಸ್ಟನ್ನೇ ತೂತು ಬೀಳಬಹುದು. ಜಾಸ್ತಿ ಆದ್ರೆ ರಿಚ್: ಕಪ್ಪು ಹೊಗೆ, ಪ್ಲಗ್ ಮಸಿ, ಎಳೆತ ಇಲ್ಲ. ರೇಸ್ ಗಾಡಿಯ ಗೆಲುವು ಸೋಲು ಈ ಸಣ್ಣ ಸಂದಿಯಲ್ಲೇ ಇದೆ.

ಈಗ ಒಂದು ತಪ್ಪು ತಿಳುವಳಿಕೆ. "ಇಂಜೆಕ್ಷನ್ ಬಂದ್ಮೇಲೆ ಜಿಪ್ಸಿಗೆ 20 ಕುದುರೆ ಜಾಸ್ತಿ ಆಯ್ತು" ಅಂತ ಹೇಳೋರು ಬಹಳ. ಲೆಕ್ಕ ಸರಿ, ಕಾರಣ ಪೂರ್ತಿ ಸರಿ ಅಲ್ಲ. 1.3 ಲೀಟರಿನ ಕಾರ್ಬೊರೇಟರ್ ಜಿಪ್ಸಿ ಸುಮಾರು 60 ಎಚ್‌ಪಿ, 2000ದಲ್ಲಿ ಬಂದ ಎಂಪಿಎಫ್‌ಐ ಜಿಪ್ಸಿ 80. ಆದ್ರೆ ಅದೇ ಹೊತ್ತಿಗೆ ಎಂಜಿನ್ ಹೆಡ್ಡೇ ಬದಲಾಗಿತ್ತು. 8 ವಾಲ್ವ್ ಹೋಗಿ 16 ವಾಲ್ವ್ ಬಂತು. ಎಸ್ಟೀಮ್‌ದೂ ಅದೇ ಕಥೆ, 65ರಿಂದ 85ಕ್ಕೆ. ಹೆಚ್ಚಿದ ಕುದುರೆಗಳಲ್ಲಿ ಬಹಳಷ್ಟು ಬಂದಿದ್ದು ಹೆಚ್ಚು ವಾಲ್ವ್‌ಗಳಿಂದ, ಅಂದ್ರೆ ಎಂಜಿನ್ ಉಸಿರಾಟ ಸಲೀಸಾಗಿದ್ದರಿಂದ. ಹಾಗಾಗಿ ಯಾರಾದ್ರೂ "8 ವಾಲ್ವ್ ಎಂಜಿನ್ನಿಗೇ ಇಂಜೆಕ್ಷನ್ ಕಿಟ್ ಹಾಕ್ಕೊಡ್ತೀನಿ, 80 ಕುದುರೆ ಬರುತ್ತೆ" ಅಂದ್ರೆ ಕೈ ಮುಗಿದು ಕಳಿಸಿ.

ಬೈಕಿನ ಕಡೆ ಇನ್ನೂ ಸ್ಪಷ್ಟ ಉದಾಹರಣೆ ಇದೆ. ಪಲ್ಸರ್ 220 ಮೊದಲು 2007ರಲ್ಲಿ ಬಂದಿದ್ದು ಇಂಜೆಕ್ಷನ್ ಇಟ್ಕೊಂಡು, ಸುಮಾರು 20 ಕುದುರೆ. 2009ರಲ್ಲಿ ಅದೇ ಪಲ್ಸರ್ 220 ಕಾರ್ಬೊರೇಟರ್ ಹಾಕ್ಕೊಂಡು ಬಂತು: ಶಕ್ತಿ ಒಂದು ಕುದುರೆ ಜಾಸ್ತಿ, ಬೆಲೆ ಕಮ್ಮಿ. ಹುಡುಗರು ಮುಗಿಬಿದ್ದು ತಗೊಂಡ್ರು. ಅಂದ್ರೆ ಸರಿಯಾಗಿ ಕೂರಿಸಿದ ಕಾರ್ಬೊರೇಟರ್ ಗರಿಷ್ಠ ಶಕ್ತಿಯಲ್ಲಿ ಹಿಂದೆ ಬೀಳಲೇಬೇಕು ಅಂತೇನಿಲ್ಲ.

ಅಮೆರಿಕದ ನಾಸ್ಕರ್ ರೇಸ್ ನೋಡಿ. ಮೇಲಿನ ದರ್ಜೆಯ ರೇಸಿನಲ್ಲಿ ದೊಡ್ಡ ವಿ8 ಎಂಜಿನ್‌ಗಳು 2011ರ ತನಕ ಹೋಲಿ ಕಾರ್ಬೊರೇಟರ್‌ನಲ್ಲೇ ಓಡಿದ್ವು. 2012ರಲ್ಲಿ ಇಂಜೆಕ್ಷನ್ ಬಂತು. ಶಕ್ತಿಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಏನೂ ಆಗ್ಲಿಲ್ಲ. ಯಾಕಂದ್ರೆ ಅಲ್ಲಿ ಟ್ರ್ಯಾಕ್ ಒಂದೇ, ಎತ್ತರ ಒಂದೇ, ಪೆಡಲ್ ಹೆಚ್ಚು ಹೊತ್ತು ಪೂರ್ತಿ ಒತ್ತಿದ ಹಾಗೇ. ಆವತ್ತಿನ ಹವೆ ನೋಡಿ ಜೆಟ್ ಬದಲಾಯಿಸೋಕೆ ಪರಿಣತರು ಗಾಡಿ ಪಕ್ಕದಲ್ಲೇ ನಿಂತಿರ್ತಾರೆ. ಅಂಥ ಕಡೆ ಕಾರ್ಬೊರೇಟರ್ ಚಿನ್ನ. ಅದರಲ್ಲಿ ಇನ್ನೊಂದು ಗುಣ ಇದೆ. ಪೆಟ್ರೋಲ್ ದಾರಿಯಲ್ಲೇ ಆವಿಯಾಗೋದ್ರಿಂದ ಒಳಗೆ ಹೋಗೋ ಗಾಳಿ ತಣ್ಣಗಾಗುತ್ತೆ, ತಣ್ಣನೆ ಗಾಳಿ ದಟ್ಟ, ಶಕ್ತಿ ಸ್ವಲ್ಪ ಜಾಸ್ತಿ.

ಹಾಗಾದ್ರೆ ಕಾರ್ಬೊರೇಟರ್ ಸೋತಿದ್ದು ಎಲ್ಲಿ? ಪರಿಸ್ಥಿತಿ ಬದಲಾಗೋ ಕಡೆಯೆಲ್ಲ. ಅದನ್ನ ಒಂದೊಂದಾಗಿ ನಮ್ಮ ಊರಿಗೆ ಹೊಂದಿಸಿ ನೋಡೋಣ.

ಮೊದಲನೇದು ಎತ್ತರ. ಮೇಲೆ ಹೋದಷ್ಟೂ ಗಾಳಿ ತೆಳು. ಜೆಟ್ಟಿಗೆ ಅದು ಗೊತ್ತಾಗಲ್ಲ, ಮಿಶ್ರಣ ರಿಚ್ ಆಗ್ತಾ ಹೋಗುತ್ತೆ. ಗಾಳಿಯ ಸಾಂದ್ರತೆಯ ವರ್ಗಮೂಲದ ಪ್ರಕಾರ ಲೆಕ್ಕ ಹಾಕಬಹುದು. ಮಂಗಳೂರಲ್ಲಿ ಸರಿ ಮಾಡಿದ ಕಾರ್ಬೊರೇಟರ್ ಚಾರ್ಮಾಡಿ ಹತ್ತಿ 900 ಮೀಟರಿನ ಮೂಡಿಗೆರೆಗೆ ಬಂದ್ರೆ ನೂರಕ್ಕೆ 4ರಷ್ಟು ರಿಚ್. 1,930 ಮೀಟರಿನ ಮುಳ್ಳಯ್ಯನಗಿರಿ ಹತ್ರ ಹೋದ್ರೆ 9ರಷ್ಟು. ಇಷ್ಟನ್ನ ತೋಟದ ಗಾಡಿ ಸಹಿಸುತ್ತೆ, ರೇಸ್ ಗಾಡಿಗೆ ಮಾತ್ರ ಗೊತ್ತಾಗುತ್ತೆ. ರೇಡ್ ಡಿ ಹಿಮಾಲಯ ರ್ಯಾಲಿ ಥರ 5,000 ಮೀಟರ್ ದಾಟೋ ಪಾಸ್‌ಗಳಲ್ಲಿ ಬೇರೆ ಮಾತು. ಅಲ್ಲಿ ಗಾಳಿ ಸಮುದ್ರ ಮಟ್ಟದ 60 ಭಾಗ ಮಾತ್ರ, ಕೆಳಗೆ 13ಕ್ಕೆ 1 ಇದ್ದ ಮಿಶ್ರಣ ಮೇಲೆ ಸುಮಾರು 10ಕ್ಕೆ 1 ಆಗುತ್ತೆ, ಎಂಜಿನ್ ಉಬ್ಬಸ ಬಂದವರ ಹಾಗೆ ಏದುಸಿರು ಬಿಡುತ್ತೆ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತೋ ರೇಸ್ ಶುರುವಾಗೋದು 2,862 ಮೀಟರಲ್ಲಿ, ಮುಗಿಯೋದು 4,302 ಮೀಟರಲ್ಲಿ. ಕಾರ್ಬೊರೇಟರ್ ಗಾಡಿಯವರು ಬುಡಕ್ಕೆ ಜೆಟ್ ಹಾಕಿದ್ರೆ ತುದೀಲಿ ಕಷ್ಟ, ತುದಿಗೆ ಹಾಕಿದ್ರೆ ಬುಡದಲ್ಲಿ ಎಂಜಿನ್ನಿಗೇ ಅಪಾಯ. ಇಂಜೆಕ್ಷನ್‌ಗೆ ಈ ತಾಪತ್ರಯ ಇಲ್ಲ, ಗಾಳಿ ಅಳೆದೇ ಪೆಟ್ರೋಲ್ ಕೊಡುತ್ತೆ. ಶಕ್ತಿ ಕಮ್ಮಿ ಆಗೋದು ಅದಕ್ಕೂ ತಪ್ಪಲ್ಲ, ತೆಳು ಗಾಳಿ ತೆಳು ಗಾಳಿಯೇ. ಆದ್ರೆ ಮಿಶ್ರಣ ಕೆಡಲ್ಲ.

ಎರಡನೇದು ತಿರುವು. ನಮ್ಮ ಕಡೆ ಇದೇ ದೊಡ್ಡ ವಿಷಯ. ಬಟ್ಟಲಲ್ಲಿ ಪೆಟ್ರೋಲ್ ಮಟ್ಟವಾಗಿ ನಿಂತ್ರೆ ಮಾತ್ರ ಜೆಟ್ಟಿಗೆ ಸರಿಯಾಗಿ ಸಿಗುತ್ತೆ. ಜೋರಾಗಿ ತಿರುಗಿಸಿದಾಗ, ಗುಂಡಿಗೆ ಬಿದ್ದು ಎದ್ದಾಗ, ಪೆಟ್ರೋಲ್ ಒಂದು ಕಡೆ ಸರಿಯುತ್ತೆ. ಬಿಂದಿಗೆ ಹೊತ್ತು ಓಡಿದ್ರೆ ನೀರು ತುಳುಕೋ ಹಾಗೆ. ನಿಮ್ಮ ಕಳೆ ಕೊಚ್ಚೋ ಮೆಷಿನ್ನನ್ನ ಹೇಗೆ ಬೇಕಾದ್ರೂ ಓರೆ ಮಾಡಿ ಹಿಡಿದ್ರೂ ಓಡುತ್ತಲ್ಲ, ಯಾಕೆ? ಅದರ ಕಾರ್ಬೊರೇಟರಲ್ಲಿ ಬಟ್ಟಲೂ ಇಲ್ಲ, ಫ್ಲೋಟೂ ಇಲ್ಲ, ಡಯಾಫ್ರಾಮ್ ಇದೆ. ಕಾರಿನದರಲ್ಲಿ ಬಟ್ಟಲಿದೆ.

ಇದರಿಂದ ಯುದ್ಧದಲ್ಲೇ ಜೀವ ಹೋಗೋ ಪರಿಸ್ಥಿತಿ ಬಂದಿತ್ತು. 1940ರಲ್ಲಿ ಬ್ರಿಟಿಷರ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್‌ಗೆ ಕಾರ್ಬೊರೇಟರ್, ಜರ್ಮನರ ಮೆಸ್ಸರ್‌ಸ್ಮಿಟ್ 109ಕ್ಕೆ ಇಂಜೆಕ್ಷನ್. ಜರ್ಮನ್ ಪೈಲಟ್ ಮೂತಿ ಕೆಳಗೆ ಮಾಡಿ ಧುಮುಕಿದ್ರೆ, ಹಿಂದೆ ಬಿದ್ದ ಬ್ರಿಟಿಷ್ ವಿಮಾನದ ಬಟ್ಟಲಲ್ಲಿ ಪೆಟ್ರೋಲ್ ಮೇಲಕ್ಕೆ ಹಾರಿ ಎಂಜಿನ್ ಒಂದು ಕ್ಷಣ ಕೈಕೊಡ್ತಿತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಅನ್ನೋ ಮಹಿಳಾ ಇಂಜಿನಿಯರ್, ಸರಿಯಾದ ಅಳತೆಯ ತೂತಿರೋ ಒಂದು ಸಣ್ಣ ಹಿತ್ತಾಳೆ ತುಂಡನ್ನ ಪೆಟ್ರೋಲ್ ದಾರಿಗೆ ಕೂರಿಸಿ ತಾತ್ಕಾಲಿಕ ಪರಿಹಾರ ಕೊಟ್ರು. ಆಕೆ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಲ್ಲಿ ಗಂಟೆಗೆ 100 ಮೈಲಿ ಮೀರಿ ಬೈಕ್ ಓಡಿಸಿದೋರು. ಓಡಿಸೋರಿಗೇ ಎಂಜಿನ್ ಕಷ್ಟ ಗೊತ್ತಾಗೋದು.

ಮೊನ್ನೆ ಸ್ನೇಹಿತರ ತೋಟದ ಒಳರಸ್ತೆಯಲ್ಲಿ ಹುಡುಗನ ಪಕ್ಕ ಕೂತು ನಾನೇ ನೋಡಿದೆ. ಇಳಿಜಾರು, ಸಡಿಲ ಜಲ್ಲಿ, ಎಡಕ್ಕೆ ಮಡಚೋ ತಿರುವು. ಅವನು ಬ್ರೇಕ್ ಬಿಟ್ಟು ಪೆಡಲ್ ಒತ್ತಿದ. ಎಂಜಿನ್ ಒಂದು ಗುಟುಕು ನುಂಗಿದ ಹಾಗೆ ಸುಮ್ಮನಾಯ್ತು, ಗಾಡಿ ಹೊರಗೆ ಜಾರ್ತು, ಆಮೇಲೆ ಒಮ್ಮೆಲೇ ಶಕ್ತಿ ಬಂದು ಹಿಂಬದಿ ಬೀಸ್ತು. ಪಕ್ಕದಲ್ಲಿ ಸಿಲ್ವರ್ ಮರ ಒಂದು ಮಾರು ದೂರದಲ್ಲಿತ್ತು. ಅವನು ಚೆನ್ನಾಗೇ ಸಂಭಾಳಿಸಿದ. ಆದ್ರೆ ಶಕ್ತಿ ಕಮ್ಮಿ ಇದೆ ಅನ್ನೋದಕ್ಕಿಂತ, ಕೇಳಿದಾಗ ಬರದೆ ಆಮೇಲೆ ಬರುತ್ತಲ್ಲ, ಅದು ನನಗೆ ಭಯ. ಅತ್ತಿಗೆಗೆ ಈ ವಿಷಯ ಹೇಳಿಲ್ಲ. ಅವರು ಈ ಪೇಜ್ ಓದಲ್ಲ ಅನ್ನೋ ಧೈರ್ಯದಲ್ಲಿ ಬರೀತಿದ್ದೀನಿ.

ಮೂರನೇದು ಚಳಿ ಮತ್ತು ಮಂಜು. ಪೆಟ್ರೋಲ್ ಆವಿಯಾಗೋವಾಗ ತಣ್ಣಗಾಗುತ್ತೆ ಅಂದೆನಲ್ಲ, ಅದೇ ಗುಣ ಡಿಸೆಂಬರ್ ಬೆಳಿಗ್ಗೆ ಶತ್ರು. ಹವೆ 10-12 ಡಿಗ್ರಿ ಇದ್ದು ಮಂಜು ಕವಿದಿದ್ರೆ ಕಾರ್ಬೊರೇಟರ್ ಗಂಟಲಲ್ಲಿ ಮಂಜುಗಡ್ಡೆಯೇ ಕಟ್ಟಬಹುದು. ಅದಕ್ಕೇ ಎಷ್ಟೋ ಹಳೇ ಕಾರುಗಳಲ್ಲಿ ಏರ್ ಕ್ಲೀನರ್‌ಗೆ ಸೈಲೆನ್ಸರ್ ಬುಡದ ಬಿಸಿಗಾಳಿ ತರೋ ಕೊಳವೆ ಇರೋದು. ಆ ಕೊಳವೆ ಹರಿದಿದ್ರೆ ಕಿತ್ತೆಸೀಬೇಡಿ, ಹೊಸದು ಹಾಕ್ಸಿ. ಬೇಸಿಗೇಲಿ ಇದರ ತಿರುಗಾಮುರುಗಾ: ಬಾನೆಟ್ ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿಯಾಗಿ ವೇಪರ್ ಲಾಕ್. ಒದ್ದೆ ಬಟ್ಟೆ ಸುತ್ತಿ ಕಾದೋರೆಲ್ಲ ನಮ್ಮಲ್ಲೇ ಇದ್ದೀರಿ. ಇಂಜೆಕ್ಷನ್‌ನ 3 ಬಾರ್ ಒತ್ತಡದಲ್ಲಿ ಅದು ಅಪರೂಪ.

ನಾಲ್ಕನೇದು ಈಗಿನ ಪೆಟ್ರೋಲ್. ಬಂಕಲ್ಲಿ ಸಿಗೋದು ಇ20, ನೂರಕ್ಕೆ 20 ಎಥನಾಲ್. ಕಬ್ಬು, ಮೆಕ್ಕೆಜೋಳ ಬೆಳೆಯೋ ನಮ್ಮ ಬಯಲುಸೀಮೆ ರೈತರಿಗೆ ಇದರಿಂದ ಮಾರುಕಟ್ಟೆ ಸಿಕ್ಕಿದೆ, ಅದಕ್ಕೆ ನಾನೇನೂ ಅನ್ನಲ್ಲ. ಆದ್ರೆ ಎಥನಾಲ್ ಉರಿಯೋಕೆ ಗಾಳಿ ಕಮ್ಮಿ ಸಾಕು, 9ಕ್ಕೆ 1. ಮಿಶ್ರಣ ಆದ ಮೇಲೆ 14.7 ಇದ್ದದ್ದು ಸುಮಾರು 13.5ಕ್ಕೆ ಇಳಿಯುತ್ತೆ. ಹಳೇ ಪೆಟ್ರೋಲಿಗೆ ಹಾಕಿದ ಜೆಟ್‌ನಲ್ಲಿ ಇದನ್ನ ಓಡಿಸಿದ್ರೆ ನೂರಕ್ಕೆ 8ರಷ್ಟು ಲೀನ್. ಎತ್ತರ ರಿಚ್ ಮಾಡುತ್ತೆ, ಇ20 ಲೀನ್ ಮಾಡುತ್ತೆ, ನಮ್ಮ ಮೇಲುಗಡೆ ಒಂದನ್ನೊಂದು ಸ್ವಲ್ಪ ಸರಿದೂಗಿಸ್ತವೆ. ಆದ್ರೆ ಘಾಟಿ ಇಳಿದು ಕರಾವಳಿಗೆ ಹೋಗಿ ಜೋರು ಓಡಿಸಿದ್ರೆ ಪೂರ್ತಿ ಲೀನ್. ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್, ಡಯಾಫ್ರಾಮ್‌ಗಳಿಗೂ ಎಥನಾಲ್ ಆಗಿಬರಲ್ಲ. ನೀರನ್ನ ಬೇರೆ ಹೀರುತ್ತೆ. ಮಳೆಗಾಲ ಪೂರ್ತಿ ಬಟ್ಟಲಲ್ಲಿ ಪೆಟ್ರೋಲ್ ಬಿಟ್ರೆ ಬಿಳಿ ಹಿಟ್ಟಿನ ಥರ ತುಕ್ಕು ಕೂತು ಜೆಟ್ ಕಟ್ಟುತ್ತೆ.

ಆಕ್ಸಿಜನ್ ಸೆನ್ಸರ್ ಇರೋ ಇಂಜೆಕ್ಷನ್ ಗಾಡಿ ಹೊಗೆ ನೋಡಿ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡ್ಕೊಳ್ಳುತ್ತೆ. ಆದ್ರೆ ಪೆಡಲ್ ಪೂರ್ತಿ ಒತ್ತಿದಾಗ ಸಾಮಾನ್ಯವಾಗಿ ಸೆನ್ಸರ್ ಮಾತು ಕೇಳದೆ ತನ್ನೊಳಗೆ ಬರೆದಿಟ್ಟ ಕೋಷ್ಟಕದ ಪ್ರಕಾರ ನಡೆಯುತ್ತೆ. ರೇಸಿಗೆ ಹೋಗೋ ಹುಡುಗರು ನೆನಪಿಡಿ: ಇಂಜೆಕ್ಷನ್ ಹಾಕಿದ ಕೂಡಲೇ ಎಲ್ಲ ತಾನಾಗೇ ಸರಿ ಆಗಲ್ಲ. ಆ ಕೋಷ್ಟಕ ಇ20ಗೆ, ನಿಮ್ಮ ಸೈಲೆನ್ಸರ್‌ಗೆ ಹೊಂದೋ ಹಾಗೆ ಬರೆಸಬೇಕು.

ಐದನೇದು ಹಂಚಿಕೆ. ಒಂದು ಕಾರ್ಬೊರೇಟರಿಂದ ನಾಲ್ಕು ಸಿಲಿಂಡರ್‌ಗೆ ಹೋಗೋವಾಗ ಕಾಲುವೆ ನೀರಿನ ಕಥೆ ಆಗುತ್ತೆ. ಹತ್ತಿರದ ಗದ್ದೆಗೆ ಹೆಚ್ಚು, ಕೊನೆ ಗದ್ದೆಗೆ ಕಮ್ಮಿ. ಕೊನೆಯದು ಒಣಗಬಾರದು ಅಂತ ಎಲ್ಲಕ್ಕೂ ಜಾಸ್ತಿ ಬಿಡಬೇಕು. ಇಂಜೆಕ್ಷನ್ ಪ್ರತಿ ಗದ್ದೆಗೆ ಒಂದೊಂದು ಗೇಟ್ ವಾಲ್ವ್. ಇದಕ್ಕೇ ಹಿಂದಿನ ರೇಸ್ ಕಾರಿನೋರು ಇಟಲಿಯ ವೆಬರ್ ಕಾರ್ಬೊರೇಟರ್ ಎರಡು ಜೋಡಿಸಿ ಒಂದೊಂದು ಸಿಲಿಂಡರ್‌ಗೆ ಒಂದೊಂದು ಗಂಟಲು ಕೊಡ್ತಿದ್ದಿದ್ದು. ಪೆಡಲ್ ಮುಟ್ಟಿದ ಕೂಡಲೇ ಅದು ಗುಟುರು ಹಾಕೋ ಸದ್ದು ಒಂದು ಸಲ ಕೇಳಿದೋರು ಮರೆಯಲ್ಲ. ಆದ್ರೆ ನಾಲ್ಕನ್ನೂ ಸಮ ಮಾಡಿ ಕೂರಿಸೋಕೆ ಕೈ ಬೇಕು, ತಾಳ್ಮೆ ಬೇಕು.

ಇಂಜೆಕ್ಷನ್ ಹುಟ್ಟಿದಾಗಲೇ ಬುದ್ಧಿವಂತ ಆಗಿರ್ಲಿಲ್ಲ ಅನ್ನೋದೂ ತಿಳಿದಿರಲಿ. 1954ರ ಮರ್ಸಿಡಿಸ್ 300 ಎಸ್‌ಎಲ್, ರೆಕ್ಕೆ ಥರ ಮೇಲಕ್ಕೆ ತೆರೆಯೋ ಬಾಗಿಲಿನ ಕಾರು, ಬಾಷ್ ಕಂಪನಿಯ ಇಂಜೆಕ್ಷನ್ ಇಟ್ಕೊಂಡು 215 ಕುದುರೆ ಕೊಡ್ತಿತ್ತು. ಅದೇ ಮೂಲದ 3 ಲೀಟರ್ ಎಂಜಿನ್ 1951ರಲ್ಲಿ ಕಾರ್ಬೊರೇಟರ್ ಹಾಕ್ಕೊಂಡು 115 ಕೊಟ್ಟಿತ್ತು. (ಇಲ್ಲೂ ಇಂಜೆಕ್ಷನ್ ಒಂದರಿಂದಲೇ ಅಲ್ಲ, ಎಂಜಿನ್ನನ್ನೇ ಹುರಿಗೊಳಿಸಿದ್ರು.) ಆದ್ರೆ ಅದು ಬರೀ ಯಾಂತ್ರಿಕ ಪಂಪು. ಕೀ ತಿರುಗಿಸಿ ಆಫ್ ಮಾಡಿದ್ರೂ ಎಂಜಿನ್ ಪೂರ್ತಿ ನಿಲ್ಲೋ ತನಕ ಪೆಟ್ರೋಲ್ ಚಿಮುಕಿಸ್ತಿತ್ತು. ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿದು ಆಯಿಲ್ಲನ್ನೇ ತೆಳ್ಳಗೆ ಮಾಡ್ತಿತ್ತು. 1967ರಲ್ಲಿ ಬಾಷ್ ಎಲೆಕ್ಟ್ರಾನಿಕ್ ಇಂಜೆಕ್ಷನ್ ತಂತು, 1976ರಲ್ಲಿ ವೋಲ್ವೊ ಕಾರಲ್ಲಿ ಆಕ್ಸಿಜನ್ ಸೆನ್ಸರ್ ಬಂತು. ಆಗಲೇ ಗಾಡಿ ತನ್ನ ಹೊಗೆ ತಾನೇ ನೋಡ್ಕೊಂಡು ತಿದ್ಕೊಳ್ಳೋಕೆ ಕಲಿತಿದ್ದು. ನನ್ನ ಪ್ರಕಾರ ಕಾರ್ಬೊರೇಟರನ್ನ ಸೋಲಿಸಿದ್ದು ಚಿಮುಕಿಸೋ ನಾಜಲ್ ಅಲ್ಲ, ಈ ತಿದ್ದಿಕೊಳ್ಳೋ ಗುಣ.

ಈಗ ಇನ್ನೊಂದು ಮಗ್ಗುಲು. ಇಂಜೆಕ್ಷನ್‌ನ ಕಷ್ಟಗಳನ್ನ ಮಾರೋರು ಹೇಳಲ್ಲ. ಬ್ಯಾಟರಿ ಪೂರ್ತಿ ಸತ್ರೆ ಪಂಪ್ ಓಡಲ್ಲ, ತಳ್ಳಿ ಸ್ಟಾರ್ಟ್ ಮಾಡ್ತೀನಿ ಅಂದ್ರೆ ಆಗಲ್ಲ. ಕಾರ್ಬೊರೇಟರ್ ಗಾಡಿ ಇಳಿಜಾರಲ್ಲಿ ಬಿಟ್ಟು ಗೇರ್ ಹಾಕಿದ್ರೆ ಹೆಚ್ಚಿನ ಸಲ ಎದ್ದೇಳುತ್ತೆ. ಕ್ಯಾನಲ್ಲಿ ತಂದಿಟ್ಟ ಕಸ ತುಂಬಿದ ಪೆಟ್ರೋಲ್ ಇಂಜೆಕ್ಟರ್‌ಗೆ ವಿಷ. ಶೆಡ್ಡಲ್ಲಿ ನಿಂತ ಗಾಡಿಯ ವೈರ್ ಇಲಿ ಕಡೀತು ಅಂದ್ರೆ ಹುಡುಕೋಕೆ ಎರಡು ದಿನ. ಹಳ್ಳ ದಾಟಿ ಕನೆಕ್ಟರ್‌ಗೆ ನೀರು ಹೋದ್ರೆ ಒಂದು ಸೆನ್ಸರ್ ಸುಳ್ಳು ಹೇಳೋಕೆ ಶುರು ಮಾಡುತ್ತೆ, ಡಬ್ಬಿ ಅದನ್ನ ನಂಬುತ್ತೆ. ಜೋರು ಮಳೇಲಿ, ಸಿಗ್ನಲ್ ಇಲ್ಲದ ಕಡೆ, ಕೈಲಿ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ಊದಿ ಹಾಕೋ ಸುಖ ಅಲ್ಲಿಲ್ಲ.

ಇಲ್ಲಿಗೆ ನಮ್ಮ ಪೇಟೆ ಮೇಸ್ತ್ರಿ ವಿಷಯ ಬರುತ್ತೆ. ಮೂವತ್ತು ವರ್ಷದಿಂದ ನಮ್ಮೆಲ್ಲರ ಜಿಪ್ಸಿ, ಓಮ್ನಿ, 800 ನೋಡಿದ ಕೈ. ಬಾನೆಟ್ ಎತ್ತಿ ತಲೆ ವಾಲಿಸಿ ಕೇಳ್ತಾರೆ. "ಸೀನ್ತಿದೆ ಅಂದ್ರೆ ಪೆಟ್ರೋಲ್ ಕಮ್ಮಿ, ಗೂರಲು ಬಂದ್ರೆ ಜಾಸ್ತಿ" ಅಂತ ಅವರ ಪಾಠ. ಈಗ ಅವರಿಗೆ ಒಂದು ಕಿವಿ ಮಂದ ಆಗಿದೆ. ಮಗ ಸ್ಕ್ಯಾನರ್, ಲ್ಯಾಪ್‌ಟಾಪ್ ಇಟ್ಕೊಂಡು ಹೊಸ ಗಾಡಿ ನೋಡ್ತಾನೆ. ಚೆನ್ನಾಗೇ ನೋಡ್ತಾನೆ, ಆದ್ರೆ ಕಾರ್ಬೊರೇಟರ್ ಮುಟ್ಟಲ್ಲ. ಬೈಕಿಗೂ 2020ರ ಏಪ್ರಿಲ್‌ನ ಬಿಎಸ್6 ಆದ್ಮೇಲೆ ಹೊಸ ಕಾರ್ಬೊರೇಟರ್ ಅಪರೂಪ. ಅವನು ಕಲಿತು ಯಾರಿಗೆ ರಿಪೇರಿ ಮಾಡಲಿ? ಅವನದ್ದೂ ತಪ್ಪಲ್ಲ.

ಹೋದ ವಾರ ಇಬ್ಬರನ್ನೂ ಒಂದೇ ಕಡೆ ಸೇರಿಸಿದ್ದೆ. ಸ್ನೇಹಿತರ ಎಂಪಿಎಫ್‌ಐ ಜಿಪ್ಸಿಯ ಸೈಲೆನ್ಸರ್‌ಗೆ ಮಗ ವೈಡ್‌ಬ್ಯಾಂಡ್ ಸೆನ್ಸರ್ ಸಿಕ್ಕಿಸಿ ಲ್ಯಾಪ್‌ಟಾಪ್ ನೋಡ್ತಿದ್ದ. ಮೇಸ್ತ್ರಿ ಆಚೆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡೀತಿದ್ರು. ಗಾಡಿ ಏರು ಹತ್ತಿ ಬರೋ ಸದ್ದಿಗೇ "ಮೇಲ್ಗಡೆ ಬಡಕಲಾಗಿದೆ" ಅಂದ್ರು. ಗಾಡಿ ನಿಂತ ಮೇಲೆ ಮಗ ಪರದೆ ತಿರುಗಿಸಿ ತೋರಿಸ್ದ. 4,500 ಆರ್‌ಪಿಎಂ ಮೇಲೆ ಲೀನ್. ಒಂದೇ ಕಿವಿಯಲ್ಲಿ ಅವರಿಗೆ ಗೊತ್ತಾಗಿದ್ದು, ಯಂತ್ರ ಅಂಕಿಯಲ್ಲಿ ಹೇಳಿದ್ದು, ಎರಡೂ ಒಂದೇ. ಅಪ್ಪ ಮಗ ಮಾತಾಡ್ಲಿಲ್ಲ. ಆದ್ರೆ ಮಗ ಲ್ಯಾಪ್‌ಟಾಪ್ ಎತ್ಕೊಂಡು ಹೋಗಿ ಅದೇ ಮೆಟ್ಟಿಲ ಮೇಲೆ ಕೂತ.

ಅವತ್ತು ನನಗೆ ದಾರಿ ಕಂಡಿತು. ನಮ್ಮ ಮನೇಲಿ ಆದ ತೀರ್ಮಾನ ಇದು. ಅಪ್ಪನ ಜಿಪ್ಸಿ ಮಾರಲ್ಲ, ಅದರ ಎಂಜಿನ್ನೂ ಬದಲಾಗಲ್ಲ. ತೋಟದ ಕೆಲಸಕ್ಕೆ ಕಾರ್ಬೊರೇಟರ್ ಸಾಕು. ಇ20ಗೆ ತಕ್ಕ ಹಾಗೆ ಜೆಟ್ ಮತ್ತು ರಬ್ಬರ್ ಬದಲಾಯಿಸೋದು, ಅಷ್ಟೇ. ರ್ಯಾಲಿಗೆ ಅದು ಹೋಗಲ್ಲ. ಹುಡುಗ ಮುಂದಿನ ವರ್ಷದ ಮೆಣಸಿನ ಹೊತ್ತಿಗೆ 16 ವಾಲ್ವ್ ಎಂಪಿಎಫ್‌ಐ ಗಾಡಿಯೊಂದನ್ನ ಬೇರೆಯಾಗೇ ನೋಡಬಹುದು, ಅರ್ಧ ದುಡ್ಡು ಅವನ ದುಡಿಮೆಯಿಂದ. ಈ ವರ್ಷದ ದುಡ್ಡು ಪಂಪ್‌ಸೆಟ್ಟಿಗೆ. ಒಂದು ಷರತ್ತು ಹಾಕಿದ್ದೀನಿ: ಮಳೆಗಾಲದಲ್ಲಿ ಮೇಸ್ತ್ರಿ ಜೊತೆ ಕೂತು ನಮ್ಮ ಕಾರ್ಬೊರೇಟರ್ ಎರಡು ಸಲ ತಾನೇ ಬಿಚ್ಚಿ ಜೋಡಿಸಬೇಕು. ಲೀನ್ ಅಂದ್ರೇನು, ರಿಚ್ ಅಂದ್ರೇನು ಅಂತ ಕಿವಿಗೆ ಗೊತ್ತಾದ ಮೇಲೆ ಲ್ಯಾಪ್‌ಟಾಪ್ ಕೋಷ್ಟಕ ಮುಟ್ಟಲಿ. ನಮ್ಮ ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲೂ ನಡೆದ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್ಪನ್ನ 2016ರಲ್ಲಿ ಗೌರವ್ ಗಿಲ್ ಗೆದ್ದಿದ್ದು 1.6 ಲೀಟರ್ ಟರ್ಬೊ ಇಂಜೆಕ್ಷನ್ನಿನ ಸ್ಕೋಡಾ ಫ್ಯಾಬಿಯಾ ಆರ್5ನಲ್ಲಿ. ಅಂಥ ಕಾರನ್ನ ರೆಡಿ ಮಾಡೋರಿಗೂ ಮೊದಲ ಪಾಠ ಗಾಳಿ ಪೆಟ್ರೋಲ್ ಲೆಕ್ಕವೇ.

ಹುಡುಗ ಪೂರ್ತಿ ಖುಷಿಯಾಗಿಲ್ಲ, ಅಣ್ಣನೂ ಆಗಿಲ್ಲ. ಇಬ್ಬರೂ ಊಟಕ್ಕೆ ಕೂತರು, ಅಷ್ಟು ಸಾಕು.

ನಿಮಗೆ ಉಪಯೋಗಕ್ಕೆ ಬರೋ ನಾಲ್ಕು ಮಾತು:

1. ತೋಟದ ಕೆಲಸದ ಹಳೇ ಗಾಡಿಗೆ ಕಾರ್ಬೊರೇಟರ್ ಇರಲಿ. ಪೆಟ್ರೋಲ್ ಪೈಪು, ಫ್ಲೋಟ್ ಸೂಜಿ, ಗ್ಯಾಸ್ಕೆಟ್‌ಗಳನ್ನ ಎಥನಾಲ್ ತಡೆಯೋವನ್ನೇ ಕೇಳಿ ಹಾಕ್ಸಿ. ಪ್ಲಗ್ ಬಿಚ್ಚಿ ಬಣ್ಣ ನೋಡಿ: ಬೆಳ್ಳಗಿದ್ರೆ ಲೀನ್, ಮಸಿ ಇದ್ರೆ ರಿಚ್, ಕಾಫಿ ಪುಡಿ ಬಣ್ಣ ಇದ್ರೆ ಸರಿ.

2. ತಿಂಗಳುಗಟ್ಟಲೆ ನಿಲ್ಲಿಸೋ ಮುಂಚೆ ಬಟ್ಟಲು ಖಾಲಿ ಮಾಡಿ. ಕಳೆ ಕೊಚ್ಚೋ ಮೆಷಿನ್‌ಗೂ ಇದೇ ಮಾತು: ಟ್ಯಾಂಕ್ ಖಾಲಿ ಮಾಡಿ ಅದಾಗೇ ನಿಲ್ಲೋ ತನಕ ಓಡಿಸಿ.

3. ಘಾಟಿಯಲ್ಲಿ, ತಿರುವಲ್ಲಿ ಗಾಡಿಯ ಪೂರ್ತಿ ಶಕ್ತಿ ಬಳಸೋ ಆಸೆ ಇದ್ರೆ ಇಂಜೆಕ್ಷನ್ನೇ ಸರಿ, ಅದೂ ಪೂರ್ತಿ ಎಂಜಿನ್ ಜೊತೆಗೆ, ಒರಿಜಿನಲ್ ವೈರಿಂಗ್ ಜೊತೆಗೆ. ಎಂಜಿನ್ ಬದಲಿಸೋ ಮುಂಚೆ ಆರ್‌ಟಿಒ ಅನುಮತಿ ತಗೊಳ್ಳಿ, ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಿ. 15 ವರ್ಷ ದಾಟಿದ ಗಾಡಿಗೆ ಮರುನೋಂದಣಿ ಬಾಕಿ ಇದ್ರೆ ಅದು ಮೊದಲು.

4. ಇಂಜೆಕ್ಷನ್ ಗಾಡಿ ಇರೋರು ಬ್ಯಾಟರಿ, ಪೆಟ್ರೋಲ್ ಫಿಲ್ಟರ್, ಇಲಿ, ಈ ಮೂರರ ಮೇಲೆ ಕಣ್ಣಿಡಿ.

ಕೊನೇದಾಗಿ ಒಂದು ಕೋರಿಕೆ. ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಒಂದು ಭಾನುವಾರ ಮೇಸ್ತ್ರಿ ನಮ್ಮ ಕಣದಲ್ಲಿ ಕೂತು ಕಾರ್ಬೊರೇಟರ್ ಬಿಚ್ಚಿ ತೋರಿಸ್ತೀನಿ ಅಂದಿದ್ದಾರೆ. ನಿಮ್ಮ ಮನೆ ಹುಡುಗರನ್ನ, ಹುಡುಗೀರನ್ನ ಕಳಿಸಿ. ಶೆಡ್ಡಲ್ಲಿ ಬಿದ್ದಿರೋ ಹಳೇ ಕಾರ್ಬೊರೇಟರ್, ಜೆಟ್, ಫ್ಲೋಟ್ ಏನಿದ್ರೂ ಗುಜರಿಗೆ ಹಾಕಬೇಡಿ, ತನ್ನಿ. ಮಧ್ಯಾಹ್ನ ಊಟ ನಮ್ಮಲ್ಲೇ.